ಏಟಿನ ಪಕ್ಕದ ಹೆಸರು

ಮೋವಾಬ್
ಅಕ್ಟೋಬರ್ 12, 1986

ಲೀಲಂಡ್,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡು: ನಮ್ಮ ಜೀಪನ್ನು ಮಾರಿದೆಯಂತೆ, ಹೌದೋ ಅಲ್ಲವೋ?

ನಿನ್ನೆ ಪೆಟ್ರೋಲ್ ಹಾಕಿಸಲು ಹೋದಾಗ ಬಂಕಿನ ಬರ್ಡೆಟ್ ಹಲ್ಲು ಕಿರಿಯುತ್ತ ಕೇಳಿದ. "ಏನಯ್ಯ, ನಿನ್ ಗೆಳೆಯ ಹೊಸಾ ಗಾಡಿ ತಗೊಂಡಿದಾನಂತೆ, ನಿಂಗೆ ಹೇಳೇ ಇಲ್ವಾ?" ಹೇಳದೇ ಇರ್ತಾನಾ, ಯಾವತ್ತೋ ಹೇಳ್ದ ಅಂದೆ. ಸುಳ್ಳು ಹೇಳುವಾಗ ನನ್ನ ಕಿವಿ ಕೆಂಪಾಗುತ್ತದೆ ಅಂತ ನಿನಗೆ ಗೊತ್ತು. ಬರ್ಡೆಟ್‌ಗೂ ಗೊತ್ತು.

ಕಾಗದಪತ್ರದಲ್ಲಿ ಜೀಪು ನಿನ್ನದೇ, ಒಪ್ಪಿದೆ. ಆದರೆ ಅದರ ಮುಂದಿನ ಅಚ್ಚನ್ನು ಬೆಸುಗೆ ಹಾಕಿ ಕೂರಿಸಿದವನು ಯಾರು? ಇಪ್ಪತ್ತೆರಡು ವರ್ಷ ಪ್ರತಿ ಬಂಡೆಯ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಎಡಕ್ಕೆ, ಬಲಕ್ಕೆ, ನಿಲ್ಲು ಅಂತ ಕೈ ತೋರಿಸಿದವನು ಯಾರು? ಜೀಪಿನ ಮೈಮೇಲೆ ಎಷ್ಟು ಏಟುಗಳಿದ್ದವೋ ಅಷ್ಟರ ಪಕ್ಕದಲ್ಲೂ ಬಿಳಿ ಬಣ್ಣದಲ್ಲಿ ನನ್ನ ಹೆಸರಿತ್ತು. ಕೈ ತೋರಿಸಿದವನೇ ಏಟಿಗೆ ಹೆಸರು ಬರೆಯಬೇಕು, ಇದು ನಮ್ಮ ಜೀಪು ಸಂಘದ ನಿಯಮ. ನಾನು ಯಾವತ್ತಾದರೂ ತಪ್ಪಿಸಿಕೊಂಡೆನಾ? ಮೂವತ್ತೊಂದು ಏಟು. ಅಷ್ಟನ್ನೂ ಯಾವನೋ ದಾರಿಹೋಕನಿಗೆ ಕೊಟ್ಟುಬಿಟ್ಟೆ.

ತೆಗೆದುಕೊಂಡದ್ದಾದರೂ ಎಂಥ ಗಾಡಿ! ಮುಂದಿನ ಎರಡು ಚಕ್ರಗಳ ನಡುವೆ ಒಂದು ಅಚ್ಚು ಕೂಡ ಇಲ್ಲ. ಇದೊಂದು ದಿಕ್ಕು, ಅದೊಂದು ದಿಕ್ಕು. ಬಿಡಿಚಕ್ರದ ಗಾಡಿ ಪೇಟೆಗೆ ತರಕಾರಿ ತರಲು ಚೆನ್ನಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಬಂಡೆಯ ಮೇಲೆ ಅದು ಏನು ಮಾಡುತ್ತದೆ ಗೊತ್ತಾ? ನಮ್ಮ ಗಟ್ಟಿ ಅಚ್ಚಿನ ಜೀಪಿನಲ್ಲಿ ಚಕ್ರವನ್ನು ಕಲ್ಲಿನ ಮೇಲೆ ಇಟ್ಟರೆ ಅಚ್ಚೂ ಏಳುತ್ತದೆ, ಅಚ್ಚಿನ ನಡುವೆ ಇರುವ ಹಲ್ಲುಚಕ್ರದ ಗಡಿಗೆಯೂ ಜೊತೆಗೇ ಏಳುತ್ತದೆ. ನಿನ್ನದರಲ್ಲಿ ಚಕ್ರ ಒಂದೇ ಮೇಲಕ್ಕೆ ಮಡಚಿಕೊಳ್ಳುತ್ತದೆ, ಹೊಟ್ಟೆ ಇದ್ದಲ್ಲೇ ಇರುತ್ತದೆ. ಕಲ್ಲಿನ ಮೇಲೆ ಚಕ್ರ ಇಟ್ಟೆಯೋ, ಹೊಟ್ಟೆ ಬಂದು ಕಲ್ಲಿನ ಮೇಲೆ ಕೂತಿತು ಅಂತಲೇ ತಿಳಿ. ಇಷ್ಟೂ ತಿಳಿಯದವನಾ ನೀನು?

ಬರ್ಡೆಟ್ ಇನ್ನೊಂದು ಮಾತು ಹೇಳಿದ. ಹೊಸ ಗಾಡಿಯ ಬಾಗಿಲ ಮೇಲೆ ಆಗಲೇ ಒಂದು ಏಟಿದೆಯಂತೆ, ಪಕ್ಕದಲ್ಲಿ ನೆಡ್ರಾ ಅಂತ ಬರೆದಿದೆಯಂತೆ. ಮದುವೆಯಾಗಿ ನಾಲ್ಕು ತಿಂಗಳಿಲ್ಲ, ಆಗಲೇ ಕೈ ತೋರಿಸಲು ಹೆಂಡತಿ ನಿಂತಳಾ?

ಫೋನ್ ಮಾಡಬಹುದಿತ್ತು. ಮಾಡಿದರೆ ಅವಳು ಎತ್ತುತ್ತಾಳೆ. ಅದಕ್ಕೇ ಕಾಗದ.

ಇಂತಿ,
ಆರ್ಡನ್


ಗ್ರ್ಯಾಂಡ್ ಜಂಕ್ಷನ್
ಅಕ್ಟೋಬರ್ 27, 1986

ಲೋ ಆರ್ಡನ್,

ಬೈದು ಮುಗಿಯಿತಾ? ನೀರು ಕುಡಿ. ಈಗ ಕೇಳು.

ಹೌದು, ಮಾರಿದೆ. ಪ್ರೈಸ್ ಊರಿನ ಒಬ್ಬನಿಗೆ. ನಿನಗೆ ಹೇಳಲಿಲ್ಲ, ತಪ್ಪು ನನ್ನದೇ. ಹೇಳಲು ನಾಚಿಕೆಯಾಯಿತು ಮಾರಾಯ. ಗಣಿಯಲ್ಲಿ ಹಾಳಾದ ಈ ಸೊಂಟ ಇನ್ನು ಗಟ್ಟಿ ಅಚ್ಚನ್ನು ತಡೆಯುವುದಿಲ್ಲ. ಬಲಚಕ್ರ ಗುಂಡಿಗೆ ಬಿದ್ದರೆ ಎಡಚಕ್ರವೂ ಕುಲುಕುತ್ತದೆ, ಆ ಕುಲುಕಾಟವೆಲ್ಲ ನೇರವಾಗಿ ನನ್ನ ಬೆನ್ನಿಗೇ. ಜುಲೈನಲ್ಲಿ ಒಂದು ದಿನ ಮನೆ ಮುಂದೆ ಜೀಪು ನಿಲ್ಲಿಸಿ ಅರ್ಧ ಗಂಟೆ ಇಳಿಯಲಾಗದೆ ಕೂತಿದ್ದೆ. ನೆಡ್ರಾ ಬಂದು ಕಂಕುಳಿಗೆ ಕೈಕೊಟ್ಟು ಇಳಿಸಿದಳು. ಇದನ್ನು ನಿನಗೆ ಯಾವ ಬಾಯಲ್ಲಿ ಹೇಳಲಿ?

ಈ ಗಾಡಿಯಲ್ಲಿ ಒಂದು ಚಕ್ರದ ಕಷ್ಟ ಇನ್ನೊಂದಕ್ಕೆ ಗೊತ್ತಾಗುವುದಿಲ್ಲ. ಕೂತರೆ ನಮ್ಮ ಮನೆಯ ಸೋಫಾ. ನೀನು ಹೇಳಿದ ಹೊಟ್ಟೆಯ ಮಾತು ನಿಜ. ಅದಕ್ಕೇ ನೆಡ್ರಾ ಕಲ್ಲು ಕಂಡರೆ ಹತ್ತಿಸುವುದಿಲ್ಲ, ಬಳಸಿಕೊಂಡು ಹೋಗಿಸುತ್ತಾಳೆ. ಇಪ್ಪತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು, ಅಗಲ ಎಷ್ಟು, ಎತ್ತರ ಎಷ್ಟು ಅಂತ ಕಣ್ಣಲ್ಲೇ ಅಳೆಯುತ್ತಾಳೆ. ಸುಮ್ಮನೆ ಹೊಗಳುತ್ತಿಲ್ಲ, ಅವಳ ಕೈ ನಿಜವಾಗಿ ಚೆನ್ನಾಗಿದೆ. ಹೋದ ತಿಂಗಳು ಮುದುಕಿಯ ಮೊಣಕಾಲು ಬಂಡೆಯನ್ನೂ ದಾಟಿದೆವು. ಎಡಗಡೆಯ ಉಬ್ಬಿನ ಮೇಲೆ ಹೋಗಲೇ ಇಲ್ಲ. ಕನ್ನಡಿ ಮಡಚಿ, ಬಲಗಡೆ ಬಂಡೆಗೋಡೆಗೆ ಮೈ ಉಜ್ಜಿಕೊಂಡು ಹೋದೆವು. ಬಾಗಿಲಿನ ಏಟು ಅಲ್ಲಿಯದೇ. ಅವಳೇ ಬಣ್ಣ ತಂದು ಹೆಸರು ಬರೆದಳು. ನಿಯಮ ಹೇಳಿಕೊಟ್ಟವನು ನಾನು, ನನಗೆ ಹೇಳಿಕೊಟ್ಟವನು ನೀನು.

ಈಸ್ಟರ್ ಶನಿವಾರ ಸಂಘದವರ ಜೊತೆ ನಾವೂ ಬರುತ್ತೇವೆ. ನೀನೇ ಮುಂದೆ ನಿಲ್ಲು. ಸಿಟ್ಟು ಬಿಡು, ಮುದುಕ.

ನಿನ್ನ
ಲೀಲಂಡ್


ಮೋವಾಬ್
ಡಿಸೆಂಬರ್ 7, 1986

ಲೀಲಂಡ್,

ಸೊಂಟದ ವಿಷಯ ಓದಿ ಸಂಕಟವಾಯಿತು. ಮೊದಲೇ ಹೇಳಿದ್ದರೆ ನಾನು ಕಮಾನು ಪಟ್ಟಿ ಬದಲಿಸಿ, ಸೀಟಿನ ಕೆಳಗೆ ಏನಾದರೂ ಕೂರಿಸಿ ಕೊಡುತ್ತಿದ್ದೆ. ನೀನು ನನ್ನನ್ನು ಕೇಳಲಿಲ್ಲ. ಅವಳನ್ನು ಕೇಳಿದೆ.

ಹೋದ ವಾರ ಪ್ರೈಸ್‌ಗೆ ಹೋಗಿದ್ದೆ. ಕೆಲಸವಿತ್ತು ಅಂತ ಬರೆಯಬೇಕು ಅಂದುಕೊಂಡೆ, ಇರಲಿಲ್ಲ. ಜೀಪನ್ನು ನೋಡಲೆಂದೇ ಹೋದದ್ದು. ಆ ಮನುಷ್ಯ ತುಂಬ ಒಳ್ಳೆಯವನು, ಒಳಗೆ ಕರೆದು ಬಿಸಿ ಕೋಕೋ ಕೊಟ್ಟ. ಆಮೇಲೆ ಅಂಗಳಕ್ಕೆ ಕರೆದುಕೊಂಡು ಹೋಗಿ ಹೆಮ್ಮೆಯಿಂದ ತೋರಿಸಿದ. "ಮೈಯೆಲ್ಲಾ ತಗ್ಗು ಬಿದ್ದಿತ್ತು ಸಾರ್. ಯಾರೋ ತಲೆಕೆಟ್ಟೋನು ಎಲ್ಲಾ ಕಡೆ ಹೆಸರು ಬೇರೆ ಗೀಚಿದ್ದ. ಈಗ ನೋಡಿ ಹೆಂಗಿದೆ!"

ಬಡಿದು ನೆಟ್ಟಗೆ ಮಾಡಿ ಹಸಿರು ಬಣ್ಣ ಬಳಿದಿದ್ದಾನೆ. ಮೂವತ್ತೊಂದರಲ್ಲಿ ಒಂದೂ ಉಳಿದಿಲ್ಲ. ಚೆನ್ನಾಗಿದೆ ಅಂದು ಬಂದೆ. ಆ ತಲೆಕೆಟ್ಟವನು ನಾನೇ ಅಂತ ಹೇಳಲಿಲ್ಲ.

ನಿನ್ನ ಕಾಗದದ ಒಂದು ಸಾಲು ಕಾಯಿಸಿದ ಕಬ್ಬಿಣದ ಹಾಗೆ ಸುಡುತ್ತಿದೆ. ಅವಳ ಕೈ ನಿಜವಾಗಿ ಚೆನ್ನಾಗಿದೆ ಅಂತ ಬರೆದಿದ್ದೀಯ. ಇಪ್ಪತ್ತೆರಡು ವರ್ಷದಲ್ಲಿ ನನಗೆ ಆ ಮಾತು ಹೇಳಿದ್ದು ಯಾವಾಗ? ಒಂದು ಸಲ ಹೇಳಿದ್ದರೆ ನೆನಪು ಮಾಡು. ನಾನು ಒಂದು ವಾರದಿಂದ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ನನಗೆ ಹೊಟ್ಟೆಕಿಚ್ಚು ಅಂತ ನೀವಿಬ್ಬರೂ ಕೂತು ನಗಬಹುದು. ನಗಿ.

ಈಸ್ಟರ್‌ಗೆ ಬಾ. ಮುಂದೆ ನಾನು ನಿಲ್ಲುತ್ತೇನೆ. ಗಾಡಿಗೆ ಒಂದೇ ಜೋಡಿ ಕೈ, ಮಿಕ್ಕವರ ಕೈ ಜೇಬಿನಲ್ಲಿ, ಬಾಯಿ ಮುಚ್ಚಿ. ಈ ನಿಯಮವನ್ನೂ ಅವಳಿಗೆ ಹೇಳಿಕೊಡು.

ಆರ್ಡನ್


ಗ್ರ್ಯಾಂಡ್ ಜಂಕ್ಷನ್
ಮೇ 3, 1987

ಆರ್ಡನ್ ಅವರೇ,

ಲೀಲಂಡ್‌ನನ್ನು ಹೋದ ಬುಧವಾರ ಆಸ್ಪತ್ರೆಯಿಂದ ಮನೆಗೆ ಕರೆತಂದೆ. ಹೆಗಲಮೂಳೆ ಕೂಡಿಕೊಳ್ಳುತ್ತಿದೆ. ಬೆನ್ನಿನ ಎರಡು ಮೂಳೆಗಳ ಮಾತು ಬೇರೆ. ಕೋಲು ಹಿಡಿದು ನಡೆಯುತ್ತಾನೆ, ಆದರೆ ಇನ್ನು ಬಂಡೆಯ ಮೇಲೆ ಗಾಡಿ ಓಡಿಸುವಂತಿಲ್ಲ ಎಂದಿದ್ದಾರೆ ಡಾಕ್ಟರು. ಮೃದುವಾಗಿ ಹೋಗಲಿ ಅಂತ ಯಾವ ಬೆನ್ನಿಗಾಗಿ ಆ ಗಾಡಿ ಕೊಂಡೆವೋ ಅದೇ ಬೆನ್ನು.

"ಆರ್ಡನ್‌ಗೆ ಬರಿ, ಯಾರ್ ತಪ್ಪೂ ಅಲ್ಲ ಅಂತ. ಹಳೇ ಜೀಪಿನ ಅಭ್ಯಾಸ, ಕೈ ತಪ್ತು, ಅಷ್ಟೇ" ಅಂತ ದಿನಕ್ಕೆ ನಾಲ್ಕು ಸಲ ಹೇಳುತ್ತಾನೆ. ಅವನು ಹೇಳಿದ್ದನ್ನು ಬರೆದಿದ್ದೇನೆ. ಇನ್ನು ಮುಂದಿನದು ನನ್ನದು.

ಈಸ್ಟರ್ ಶನಿವಾರ ನಾನು ಮುದುಕಿಯ ಮೊಣಕಾಲಿನ ಪಕ್ಕದಲ್ಲಿ ಕೈ ಜೇಬಿನಲ್ಲಿ ಇಟ್ಟು ನಿಂತಿದ್ದೆ. ನಿಮ್ಮ ನಿಯಮ. ನೀವು ಅವನನ್ನು ಎಡಗಡೆಯ ಉಬ್ಬಿಗೆ ನೇರ ಮಾಡುತ್ತಿದ್ದುದು ಕಂಡಿತು. ಇದು ತಪ್ಪು, ಕೂಗಬೇಕು ಅಂತ ಜೇಬಿನಿಂದ ಕೈ ಅರ್ಧ ತೆಗೆದಿದ್ದೆ. ಆಗ ನೀವು ತಲೆ ತಿರುಗಿಸಿ ನನ್ನನ್ನು ನೋಡಿದಿರಿ. ನಾನು ಕೈ ತೆಗೆಯುತ್ತಿದ್ದುದನ್ನೂ ನೋಡಿದಿರಿ. ಆಮೇಲೆ ಎಡಗೈ ಎತ್ತಿ ಬಾ ಎಂದಿರಿ. ಚಕ್ರ ಮಡಚಿಕೊಂಡಿತು, ಹೊಟ್ಟೆ ಕಲ್ಲಿಗೆ ಕೂತಿತು, ಚಕ್ರದ ತೋಳು ಮುರಿಯಿತು, ಗಾಡಿ ಜಾರಿ ಕೆಳಗಿನ ಹಾಸುಬಂಡೆಯ ಮೇಲೆ ಮಗುಚಿತು. ಎಲ್ಲ ನೀವು ಅಕ್ಟೋಬರ್‌ನಲ್ಲಿ ಬರೆದ ಹಾಗೆಯೇ. ಆ ಕಾಗದ ನನ್ನ ಮುಂದಿದೆ.

ಒಂದೇ ಪ್ರಶ್ನೆ. ಎಡಗೈ ಎತ್ತುವ ಮೊದಲು ನನ್ನನ್ನು ಯಾಕೆ ನೋಡಿದಿರಿ?

ಗಾಡಿಯ ಮುಂದಿನ ಚಕ್ರವನ್ನು ಮುಚ್ಚುವ ರೆಕ್ಕೆಯ ಮೇಲೆ ದೊಡ್ಡ ಏಟಿದೆ. ಅದರ ಪಕ್ಕದಲ್ಲಿ ಯಾರ ಹೆಸರೂ ಇಲ್ಲ.

ನೆಡ್ರಾ


ಮೋವಾಬ್
ಮೇ 17, 1987

ನೆಡ್ರಾ ಅವರಿಗೆ,

ಮೂರು ಸಲ ಬರೆದು ಹರಿದೆ. ಮೂರರಲ್ಲೂ ಕೈ ತಪ್ಪಿತು ಅಂತ ಬರೆದಿದ್ದೆ. ಗಟ್ಟಿ ಅಚ್ಚಿಗೆ ಒಗ್ಗಿದ ಕೈ, ಕಲ್ಲು ಕಂಡರೆ ಚಕ್ರವನ್ನು ಅದರ ಮೇಲೆಯೇ ಇಡಿಸುತ್ತದೆ, ಯಾರಾದರೂ ಮಾಡುವ ತಪ್ಪು ಅಂತ. ಇಲ್ಲಿ ಎಲ್ಲರೂ ಅದನ್ನೇ ನಂಬಿದ್ದಾರೆ. ಬರ್ಡೆಟ್ ಕೂಡ ಮೊದಲ ಸಲ ನನ್ನನ್ನು ಗೇಲಿ ಮಾಡದೆ ಬೆನ್ನು ತಟ್ಟಿದ. "ಬಿಡಯ್ಯ, ನಮ್ಗಾದ್ರೂ ಅಷ್ಟೇ ಆಗ್ತಿತ್ತು" ಅಂದ. ಅದಕ್ಕೆ ಹೂಂ ಅಂದು ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ಅವತ್ತು ಬೆಳಿಗ್ಗೆಯಿಂದ ಏಳು ಕಡೆ ನಾನು ಕೈ ತೋರಿಸಿದೆ. ಏಳೂ ಕಡೆ ಅವನು ಮೊದಲು ನನ್ನ ಕೈ ನೋಡಿದ, ಆಮೇಲೆ ಒಂದು ಕ್ಷಣ ನಿಮ್ಮ ಕಡೆ ನೋಡಿದ, ಆಮೇಲೆ ಸ್ಟಿಯರಿಂಗ್ ತಿರುಗಿಸಿದ. ನೀವು ತಲೆ ಕೂಡ ಆಡಿಸಲಿಲ್ಲ, ಅದು ನಿಮ್ಮ ದೊಡ್ಡತನ. ಆದರೆ ಅವನು ನೋಡಿದ. ಏಳು ಸಲ. ನಾನು ಎಣಿಸಿದೆ. ಮಧ್ಯಾಹ್ನ ಬೀನ್ಸ್ ಕಾಳು, ಬ್ರೆಡ್ಡು ತಿನ್ನುವಾಗ ಎಲ್ಲರೂ ನಗುತ್ತಿದ್ದರು. ನಾನು ತಟ್ಟೆ ಬದಿಗಿಟ್ಟು ಎದ್ದು ಹೋದೆ.

ಎಂಟನೆಯದು ಮುದುಕಿಯ ಮೊಣಕಾಲು. ಬಲಕ್ಕೆ ಗೋಡೆಯ ಪಕ್ಕ ಹೋಗಬೇಕು ಅಂತ ನನಗೆ ಗೊತ್ತಿತ್ತು. ನೀವು ಕಂಡುಹಿಡಿದ ದಾರಿ ಅದು. ಬಲಗೈ ಎತ್ತಿದರೆ ಇಡೀ ಸಂಘದ ಮುಂದೆ ನಿಮ್ಮ ದಾರಿಯೇ ಸರಿ ಅಂದ ಹಾಗೆ. ನಿಮ್ಮನ್ನು ನೋಡಿದೆ. ನಿಮ್ಮ ಕೈ ಜೇಬಿನಿಂದ ಹೊರಗೆ ಬರುತ್ತಿತ್ತು. ನಿಮ್ಮ ಕೈ ಬರುವ ಮೊದಲು ನನ್ನ ಕೈ ಏಳಬೇಕು ಅಂತ ಅನಿಸಿತು. ಎತ್ತಿದೆ.

ಗಾಡಿ ಮಗುಚಲಿ ಅಂತ ಬಯಸಲಿಲ್ಲ, ದೇವರಾಣೆ. ಹೊಟ್ಟೆ ಒಂದು ಸಲ ಕಲ್ಲಿಗೆ ತಾಗಿ ಕಿರ್ ಅನ್ನಲಿ, ಅವನು ಕಿಟಕಿಯಿಂದ ತಲೆ ಹಾಕಿ "ನೀನ್ ಹೇಳಿದ್ದೇ ಸರಿ ಕಣೋ, ದರಿದ್ರದ ಗಾಡಿ" ಅನ್ನಲಿ, ಅಷ್ಟೇ ಬೇಕಿತ್ತು. ಆ ಒಂದು ಮಾತಿಗಾಗಿ ಅವನ ಬೆನ್ನು ಮುರಿದೆ.

ಇದನ್ನು ಲೀಲಂಡ್‌ಗೆ ತೋರಿಸುವುದೋ ಬಿಡುವುದೋ ನಿಮ್ಮ ಇಷ್ಟ.

ಆರ್ಡನ್


ಗ್ರ್ಯಾಂಡ್ ಜಂಕ್ಷನ್
ಮೇ 22, 1987

ಆರ್ಡನ್ ಅವರೇ,

ನಿಮ್ಮ ಕಾಗದವನ್ನು ಇದೇ ಲಕೋಟೆಯಲ್ಲಿ ವಾಪಸು ಇಟ್ಟಿದ್ದೇನೆ. ನಾನು ತೋರಿಸುವುದಿಲ್ಲ. ನಿಮ್ಮ ಏಟಿಗೆ ನಾನು ಯಾಕೆ ಹೆಸರು ಬರೆಯಲಿ?

ಅವನು ಇನ್ನೂ ದಿನಕ್ಕೆ ನಾಲ್ಕು ಸಲ ನಿಮ್ಮ ಪರವಾಗಿ ಮಾತಾಡುತ್ತಾನೆ. ಕೇಳಿಕೊಂಡು ಸುಮ್ಮನಿರುವುದು ನನಗೆ ಕಷ್ಟವಾಗುತ್ತಿದೆ. ಬೇಗ ಬರೆಯಿರಿ.

ನೆಡ್ರಾ


ಮೋವಾಬ್
ಜುಲೈ 19, 1987

ಲೀಲಂಡ್,

ಎರಡು ತಿಂಗಳು ಧೈರ್ಯ ಬರಲಿಲ್ಲ. ಇವತ್ತೂ ಬಂದಿಲ್ಲ. ಜೊತೆಗಿರುವ ಕಾಗದ ನಾನು ನಿನ್ನ ಹೆಂಡತಿಗೆ ಬರೆದದ್ದು. ಓದು. ಅದರಲ್ಲಿ ಬರೆದಿರುವುದೆಲ್ಲ ನಿಜ. ಅವರನ್ನು ಬೈಯಬೇಡ, ಅವರು ಮುಚ್ಚಿಟ್ಟದ್ದು ನನಗಾಗಿ ಅಲ್ಲ, ನಾನೇ ಹೇಳಬೇಕು ಅಂತ.

ಉತ್ತರ ಬರೆಯದಿದ್ದರೆ ಅರ್ಥ ಮಾಡಿಕೊಳ್ಳುತ್ತೇನೆ.

ಆರ್ಡನ್


ಗ್ರ್ಯಾಂಡ್ ಜಂಕ್ಷನ್
ಸೆಪ್ಟೆಂಬರ್ 13, 1987

ಆರ್ಡನ್,

ಓದಿದ ದಿನ ಕಾಗದವನ್ನು ಒಲೆಗೆ ಹಾಕಲು ಎದ್ದೆ. ಕೋಲು ಹುಡುಕಿಕೊಂಡು ಅಡುಗೆಮನೆ ತಲುಪುವಷ್ಟರಲ್ಲಿ ನೆಡ್ರಾ ಕಿತ್ತುಕೊಂಡಳು. ಆಮೇಲೆ ಒಂದು ತಿಂಗಳು ನಿನ್ನ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತಲಿಲ್ಲ.

ನೀನು ಎಣಿಸಿದ್ದು ಸರಿ. ಏಳು ಸಲ ಅವಳ ಕಡೆ ನೋಡಿದೆ. ಹೊಸ ಗಾಡಿ, ನೀನು ಅದರ ಮುಂದೆ ಒಮ್ಮೆಯೂ ನಿಂತವನಲ್ಲ, ನನಗೂ ಹೆದರಿಕೆ. ನೀನು ಊಟದ ಹೊತ್ತಿನಲ್ಲಿ ತಟ್ಟೆ ಬದಿಗಿಟ್ಟು ಹೋಗಿ ಬಂಡೆಯ ಮೇಲೆ ಒಬ್ಬನೇ ಕೂತದ್ದನ್ನು ನೋಡಿದೆ. ಯಾಕೆ ಅಂತ ತಿಳಿಯಿತು. ಇಷ್ಟು ವರ್ಷದ ಸ್ನೇಹಿತ, ತಿಳಿಯುವುದಿಲ್ಲವೇ? ಅದಕ್ಕೇ ಮೊಣಕಾಲಿನ ಹತ್ತಿರ ಬಂದಾಗ ಮನಸ್ಸಿನಲ್ಲಿ ಅಂದುಕೊಂಡೆ, ಇಲ್ಲಿ ನೆಡ್ರಾಳ ಕಡೆ ನೋಡುವುದೇ ಇಲ್ಲ, ಇವನ ಕೈಯೊಂದನ್ನೇ ನೋಡುತ್ತೇನೆ, ಪಾಪ, ಇವನಿಗೂ ಸಮಾಧಾನವಾಗಲಿ ಅಂತ. ನೀನು ಎಡಗೈ ಎತ್ತಿದೆ. ತಪ್ಪು ಅಂತ ಸೀಟಿನಲ್ಲಿ ಕೂತ ನನಗೂ ಕಂಡಿತು. ಆದರೂ ತಿರುಗಿಸಿದೆ. ನಿನ್ನ ಕೈ ಅಲ್ಲವೇ ಅಂತ.

ಅವತ್ತಿನ ಎಂಟರಲ್ಲಿ ನಿನ್ನನ್ನು ಪೂರ್ತಿ ನಂಬಿದ್ದು ಅದೊಂದೇ ಕಡೆ.

ಕ್ಷಮಿಸಿದ್ದೇನೆ ಅಂತ ಬರೆಯಲು ಕೂತರೆ ಪೆನ್ನು ಮುಂದೆ ಹೋಗುತ್ತಿಲ್ಲ. ಕೋಪ ಇದೆ. ಬೆಳಿಗ್ಗೆ ಬೂಟು ಹಾಕಿಕೊಳ್ಳಲು ಬಗ್ಗಿದಾಗೆಲ್ಲ ನಿನ್ನನ್ನು ಬೈಯುತ್ತೇನೆ. ಬೈದಾದ ಮೇಲೆ ನೀನು ಊಟ ಮಾಡಿದೆಯೋ ಇಲ್ಲವೋ ಅಂತಲೂ ಅನಿಸುತ್ತದೆ, ಏನು ಮಾಡಲಿ.

ಅಕ್ಟೋಬರ್ 3ರ ಶನಿವಾರ ಸಂಘದವರು ಮತ್ತೆ ಮೊಣಕಾಲಿಗೆ ಹೋಗುತ್ತಿದ್ದಾರೆ. ಗಾಡಿ ರಿಪೇರಿಯಾಗಿದೆ. ಈ ಸಲ ನೆಡ್ರಾ ಓಡಿಸುತ್ತಾಳೆ. ಮುಂದೆ ನಾನು ನಿಲ್ಲುತ್ತೇನೆ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಸನ್ನೆ. ಮನೆಯ ಹಿಂದೆ ಇಟ್ಟಿಗೆ ಜೋಡಿಸಿ ಅಭ್ಯಾಸ ಮಾಡಿದೆವು. ಎರಡು ಬೆರಳು ಅಂದರೆ ಅರ್ಧ ಸುತ್ತು, ಮುಷ್ಟಿ ಅಂದರೆ ನಿಲ್ಲು, ಅಂಗೈ ಕೆಳಗೆ ಅಂದರೆ ನಿಧಾನ. ಬೇರೆ ಸನ್ನೆ ನನಗೆ ಬರುವುದಿಲ್ಲ. ಎಲ್ಲ ನಿನ್ನವೇ.

ಬರುವ ಹಾಗಿದ್ದರೆ ಬಾ. ಬಂದರೆ ಮಿಕ್ಕವರ ಜೊತೆ ಪಕ್ಕದಲ್ಲಿ ನಿಲ್ಲಬೇಕು. ನಿಯಮ ನಿನಗೆ ನಾನು ಹೇಳಬೇಕಾಗಿಲ್ಲ.

ರೆಕ್ಕೆಯ ಏಟನ್ನು ಬಡಿದು ಸರಿ ಮಾಡಲೇ ಅಂತ ಗ್ಯಾರೇಜಿನವನು ಕೇಳಿದ. ಬೇಡ, ಇನ್ನೂ ಹೆಸರು ಬರೆಯುವುದು ಬಾಕಿ ಇದೆ ಅಂದಳು ನೆಡ್ರಾ.

ಲೀಲಂಡ್


ಮೋವಾಬ್
ಸೆಪ್ಟೆಂಬರ್ 20, 1987

ಲೀಲಂಡ್, ನೆಡ್ರಾ ಅವರೇ,

ಬರುತ್ತೇನೆ.

ನಿನ್ನ ಕಾಗದ ಓದಿ ಅವತ್ತು ನನ್ನ ಬೆಸುಗೆ ಅಂಗಡಿ ಮುಚ್ಚಿದೆ. ನೀನು ಅವರ ಕಡೆ ನೋಡದ ಆ ಒಂದು ಸಲವನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಏಳನ್ನು ಎಣಿಸುವುದರಲ್ಲೇ ಇದ್ದೆ. ಇಪ್ಪತ್ತೆರಡು ವರ್ಷ ಕಾದ ಮಾತನ್ನು ನೀನು ಅವತ್ತು ಸ್ಟಿಯರಿಂಗ್ ತಿರುಗಿಸಿ ಹೇಳಿದ್ದೆ, ನನಗೆ ಕೇಳಿಸಲಿಲ್ಲ.

ಗಾಡಿಯ ಹೊಟ್ಟೆಯ ಕೆಳಗೆ ಕಟ್ಟಲು ಒಂದು ದಪ್ಪ ಕಬ್ಬಿಣದ ತಗಡು ಬಡಿದಿದ್ದೇನೆ. ಬರ್ಡೆಟ್ ಹತ್ತಿರ ಅದೇ ಥರದ ಒಂದು ಗಾಡಿ ಬಂದಿತ್ತು, ಅದರ ಕೆಳಗೆ ಮಲಗಿ ಅಳತೆ ತೆಗೆದೆ. "ಬಿಡಿಚಕ್ರದ ಗಾಡಿ ಕೆಳಗೆ ನೀನಾ? ಕಾಲ ಕೆಟ್ಟೋಯ್ತು ಕಣಪ್ಪ!" ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗಿದ. ಎಂಟು ಬೋಲ್ಟು. ನೆಡ್ರಾ ಅವರು ಒಪ್ಪಿದರೆ ಶನಿವಾರ ಬೆಳಿಗ್ಗೆ ಹೊರಡುವ ಮೊದಲು ಹಾಕುತ್ತೇನೆ, ಅವರೇ ಪ್ರತಿಯೊಂದನ್ನೂ ತಿರುಗಿಸಿ ನೋಡಲಿ. ಒಪ್ಪದಿದ್ದರೆ ವಾಪಸು ತರುತ್ತೇನೆ.

ಹೊಟ್ಟೆಕಿಚ್ಚು ಹೋಗಿದೆ ಅಂತ ಮಾತ್ರ ಬರೆಯಲಾರೆ. ನೀನು ಮುಂದೆ ನಿಂತು ಕೈ ತೋರಿಸುವುದು, ಅವರು ಓಡಿಸುವುದು, ನಾನು ಪಕ್ಕದಲ್ಲಿ ನಿಂತು ನೋಡುವುದು. ನೆನೆಸಿಕೊಂಡರೆ ಈಗಲೂ ಒಳಗೆ ಉರಿಯುತ್ತದೆ. ಉರಿಯಲಿ, ನಾನು ಬರುತ್ತೇನೆ.

ಕೋಟಿನ ಎರಡೂ ಜೇಬು ತೂತಾಗಿದ್ದವು. ನಿನ್ನೆ ಕೂತು ಹೊಲಿದೆ. ಬಿಳಿ ಬಣ್ಣದ ಹೊಸ ಡಬ್ಬಿ, ಸಣ್ಣ ಕುಂಚ ತೆಗೆದಿಟ್ಟಿದ್ದೇನೆ. ಎಲ್ಲರೂ ಸೇರಿದ ಮೇಲೆ, ಬರ್ಡೆಟ್ ಎದುರಿಗೇ, ಆ ಏಟಿನ ಪಕ್ಕದಲ್ಲಿ ಮೊದಲು ಹೆಸರು ಬರೆಯುತ್ತೇನೆ. ಆಮೇಲೆ ಕೈ ಎರಡೂ ಜೇಬಿಗೆ.

ಇಂತಿ,
ಆರ್ಡನ್